ನೆಲಬೇವಿನ ಹೆಸರು

ಕಾಡಿಗೆಲ್ಲ ಜ್ವರದ ಮದ್ದು ಕೊಡುತ್ತಿದ್ದವನು ಮುಂಗುಸಿ ಪಂಡಿತ. ಅದು ಯಾವ ಸೊಪ್ಪು ಅಂತ ಹೆಂಡತಿಗೂ ಹೇಳಿದವನಲ್ಲ. "ಹೆಸರು ಬಾಯಿಬಿಟ್ಟರೆ ಮದ್ದು ಕೆಡುತ್ತೆ ಕಣೇ" ಅನ್ನುತ್ತಿದ್ದ.

ಒಮ್ಮೆ ಮುಳ್ಳುಹಂದಿಗೆ ಮದ್ದು ಕೊಡಲು ಗುಡ್ಡದಾಚೆ ಹೋದವನು ನಾಲ್ಕು ದಿನ ಬಿಟ್ಟು ಬಂದ. ಬಿಲದ ಬಾಯಲ್ಲೇ ಹೆಂಡತಿ ಜ್ವರ ಬಂದು ಸತ್ತು ಬಿದ್ದಿದ್ದಳು. ಅವಳ ಪಕ್ಕದಲ್ಲೇ ನೆಲಬೇವು ಸೊಂಪಾಗಿ ಬೆಳೆದಿತ್ತು.

"ಪಾಪಿ, ಇಷ್ಟು ಹತ್ತಿರ ಇದ್ದೂ ಸುಮ್ಮನಿದ್ದೆಯಲ್ಲೇ! ಆ ಮದ್ದು ನಾನೇ ಅಂತ ಹೇಳೋಕೆ ನಿನಗೇನಾಗಿತ್ತು?" ಅಂತ ಪಂಡಿತ ಬೈದ.

"ಹೇಳಿದೆನಪ್ಪ," ಅಂದಿತು ನೆಲಬೇವು. "ಜ್ವರದ ಮದ್ದು ನಾನೇ, ನೆಲಬೇವು, ತಿನ್ನು ತಾಯಿ ಅಂದೆ. 'ಅಯ್ಯೋ, ಹೆಸರು ಹೇಳಿಬಿಟ್ಟೆಯಲ್ಲ, ಇನ್ನು ನೀನು ಕೆಟ್ಟೆ. ನಮ್ಮೋರು ಬರಲಿ, ಬೇರೆ ತರ್ತಾರೆ' ಅಂತ ಆ ಕಡೆ ತಿರುಗಿ ಮಲಗಿದಳು."

ಪಂಡಿತ ಒಂದು ಎಲೆ ಕಚ್ಚಿ ನೋಡಿದ. ಕಹಿ ಒಂದಿಷ್ಟೂ ಕಮ್ಮಿಯಾಗಿರಲಿಲ್ಲ.