ಜೋಳಿಗೆಯೊಳಗಿನ ಚೂರಿ

ಹೊಳೆದಂಡೆಯ ಮಠದಲ್ಲಿ ಬಾಳಯ್ಯಜ್ಜ ಎಂಬ ಗುರುಗಳು. ಅವರಿಗೆ ಫಕೀರಯ್ಯ ಎಂಬ ಒಬ್ಬನೇ ಶಿಷ್ಯ. ಊರೊಳಗೆ ಹೋಗಿ ಭಿಕ್ಷೆ ಬೇಡಿ ತರುವುದು ಶಿಷ್ಯನ ಕೆಲಸ.

ಆ ಮಠದ ಭಿಕ್ಷೆಗೆ ಒಂದು ಕಟ್ಟಳೆಯಿತ್ತು. ಕೊಡುವವರು ಮುಷ್ಟಿಯನ್ನು ಜೋಳಿಗೆಯ ತಳದವರೆಗೆ ಇಳಿಸಿ ಬಿಚ್ಚಬೇಕು. ಬೇಡುವವನು ಮುಖ ಆಚೆ ತಿರುಗಿಸಿ ನಿಲ್ಲಬೇಕು. ಉಳ್ಳವಳು ಎಷ್ಟು ಕೊಟ್ಟಳು, ಇಲ್ಲದವಳು ಎಷ್ಟು ಕೊಟ್ಟಳು ಎಂಬುದು ಯಾರಿಗೂ ತಿಳಿಯಬಾರದು.

ಒಂದು ದಿನ ಹಳ್ಳದ ದಾರಿಯಲ್ಲಿ ಇಬ್ಬರು ಪುಂಡರು ಫಕೀರಯ್ಯನಿಗೆ ನಾಲ್ಕು ಬಾರಿಸಿ, ಹೊದ್ದ ಶಾಲು ಕಿತ್ತುಕೊಂಡು ಹೋದರು. ಮರುದಿನ ಅವನು ಅಡುಗೆಮನೆಯ ಚೂರಿಯನ್ನು ಜೋಳಿಗೆಗೆ ಹಾಕಿಕೊಂಡ. ಗುರುಗಳಿಗೆ ಹೇಳಲಿಲ್ಲ. ಹಳ್ಳ ದಾಟುವಾಗ ಎದೆ ಒಂದು ಗೇಣು ಮುಂದೆ ಬಂದಿತ್ತು. ಪುಂಡರು ಮಾತ್ರ ಬರಲಿಲ್ಲ.

ಮೂರನೆಯ ಮನೆ ಸಂಕವ್ವನದು. ಮುದುಕಿ, ಕಣ್ಣು ಮಂಜು. ಫಕೀರಯ್ಯ ಎಂದಿನಂತೆ ಮುಖ ತಿರುಗಿಸಿ ನಿಂತ. ಅವಳು ಎಂದಿನಂತೆ ಮುಷ್ಟಿ ಇಳಿಸಿದಳು.

“ಯವ್ವಾ!”

ತಿರುಗಿ ನೋಡಿದರೆ ಅವಳ ಮೂರು ಬೆರಳು ಸೀಳಿದ್ದವು. ಜೋಳದ ಹಿಟ್ಟೆಲ್ಲ ಕೆಂಪು. ಮಾಡಿದ್ದುಣ್ಣೋ ಮಹಾರಾಯ ಎನ್ನುತ್ತಾರೆ. ಇಲ್ಲಿ ಮಾಡಿದವನು ಒಬ್ಬ, ಉಂಡವಳು ಇನ್ನೊಬ್ಬಳು.

“ಒಳಗ ಏನೈತ್ರೀ ಅಯ್ಯನವರ?”

“ಮುಳ್ಳು” ಎಂದುಬಿಟ್ಟ ಫಕೀರಯ್ಯ. ಗಾಬರಿಯಲ್ಲಿ ಬಾಯಿಗೆ ಬಂದದ್ದು ಅದೇ.

ಮುದುಕಿ ಬೆರಳಿಗೆ ಸೆರಗು ಸುತ್ತಿಕೊಂಡಳು. “ನಿಮ್ಮಂಥಾವರ ಜೋಳಿಗಿಗೆ ಮುಳ್ಳು ಹಾಕೋ ಪಾಪಿ ಯಾರ್ರೀ ಈ ಊರಾಗ? ಸುಮ್ನ ಬಿಡೂದಿಲ್ಲ ನಾನು. ತಡೀರಿ, ಹಿಟ್ಟು ಹೊಲಸಾತು, ಬ್ಯಾರೆ ತರ್ತೀನಿ.”

ಅವಳು ಒಳಗೆ ಹೋದದ್ದೇ ತಡ, ಫಕೀರಯ್ಯ ಕಳ್ಳನ ಹಾಗೆ ಅಲ್ಲಿಂದ ಕಾಲು ಕಿತ್ತ. ಅಷ್ಟು ನಾಚಿಕೆ ಅವನಿಗೆ ಜನ್ಮದಲ್ಲಿ ಆಗಿರಲಿಲ್ಲ. ಪುಂಡರ ಕೈಯಲ್ಲಿ ಏಟು ತಿಂದಾಗಲೂ ಆಗಿರಲಿಲ್ಲ.

ಮಠಕ್ಕೆ ಬಂದವನು ಜೋಳಿಗೆಯನ್ನು ಗುರುಗಳ ಮುಂದಿಟ್ಟು, ಮುಳ್ಳೆಂದು ಸುಳ್ಳು ಹೇಳಿದ್ದನ್ನೂ ಬಿಡದೆ ಎಲ್ಲ ಹೇಳಿದ.

ಅಜ್ಜ ಚೂರಿಯನ್ನು ಹೊರತೆಗೆದು, ತೊಳೆದು, ಒರೆಸಿ ಪಕ್ಕಕ್ಕಿಟ್ಟರು. ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತೋ ಏನೋ.

“ಯಾರನ್ನೂ ಇರಿಯಾಕ ಒಯ್ದಿದ್ದಿಲ್ರೀ ಅಜ್ಜಾರ” ಎಂದ ಶಿಷ್ಯ. “ಚೂರಿ ಐತಂತ ಗೊತ್ತಾದ್ರ ಸಾಕು, ದೂರ ನಿಲ್ತಾರಂತ ಒಯ್ದಿದ್ದೆ.”

“ಈಗಿಂದೀಗ ಸಂಕವ್ವನ ಮನಿಗೆ ಹೋಗು. ಮುಳ್ಳಲ್ಲ, ಚೂರಿ ಅಂತ ಹೇಳು. ಪಾಪ, ಆಕಿ ಇಲ್ಲದ ಪಾಪಿನ್ನ ಮನಿಮನಿ ಹುಡುಕಾಕತ್ತಿರಬೇಕು.”

ಫಕೀರಯ್ಯ ತಲೆ ಎತ್ತಲಿಲ್ಲ.

“ಹೇಳಿದ್ರ ಆಕಿ ಇನ್ನ ಮ್ಯಾಲೆ ನನ್ನ ಜೋಳಿಗ್ಯಾಗ ಕೈ ಹಾಕೂದಿಲ್ರೀ ಅಜ್ಜಾರ. ನನ್ನ ಕಂಡ್ರ ದೂರ ನಿಲ್ತಾಳ.”

ಅಜ್ಜ ಹೊಲಸಾದ ಹಿಟ್ಟನ್ನು ಕೊಡವಿ, ಬರಿದಾದ ಜೋಳಿಗೆಯನ್ನು ಅವನ ಹೆಗಲಿಗೆ ಹಾಕಿದರು.

“ನಿಲ್ಲಲಿ ತಮ್ಮಾ. ಅದಕ್ಕಲ್ಲೇನು ನೀ ಚೂರಿ ಒಯ್ದಿದ್ದು?”