ಡಬ್ಬಿಯೊಳಗಿನ ಶೂರ

ಅಂಚೆಯ ಸಾತಪ್ಪನಿಗೆ ನೆಗಡಿ ಹಿಡಿಯಿತು. ಔಷಧಿ ಡಬ್ಬಿಯಲ್ಲಿ ಹೋದ ವರ್ಷ ಉಳಿದಿದ್ದ ಆ್ಯಂಟಿಬಯೋಟಿಕ್ ಮಾತ್ರೆಗೆ ಖುಷಿಯೋ ಖುಷಿ. "ನನ್ನನ್ನು ನುಂಗಲಿ, ನಾಳೆಯೇ ನೆಗಡಿಯನ್ನು ಓಡಿಸುತ್ತೇನೆ!" ಎಂದಿತು.

"ಅಯ್ಯಾ, ನೀನು ಕೊಲ್ಲುವುದು ಬ್ಯಾಕ್ಟೀರಿಯಾವನ್ನು. ಬಂದಿರುವುದು ವೈರಸ್ಸು," ಎಂದಿತು ಸಾತಪ್ಪನ ಕೈಯಲ್ಲಿದ್ದ ಕರವಸ್ತ್ರ. "ತೊಟ್ಟಿಲಲ್ಲಿ ಕೂಸಿದೆ, ಅದಕ್ಕೆ ಅಂಟಬಾರದು. ನನಗೆ ಕೆಲಸವಿದೆ."

ಸಾತಪ್ಪ ಡಬ್ಬಿಗೆ ಕೈಹಾಕಿದ. "ಡಾಕ್ಟರು ಹೇಳದೆ ಅದನ್ನು ಮುಟ್ಟಬೇಡಿ," ಎಂದು ಹೆಂಡತಿ ಮುಚ್ಚಳ ಹಾಕಿ, ಬಿಸಿನೀರು ಕೊಟ್ಟು ಮಲಗಿಸಿದಳು. ಪ್ರತಿ ಸೀನಿಗೂ ಕರವಸ್ತ್ರ ಅಡ್ಡ ನಿಂತಿತು. ವಾರದಲ್ಲಿ ನೆಗಡಿ ಹೋಯಿತು, ಕೂಸಿಗೆ ಅಂಟಲಿಲ್ಲ.

ಮುಚ್ಚಳ ತೆರೆದಾಗ ಮಾತ್ರೆ ಬೀಗಿತು: "ನೋಡಿದೆಯಾ? ನನಗೆ ಹೆದರಿಯೇ ಓಡಿಹೋಯಿತು!"

ಒಗೆದು ಮಡಚಿಟ್ಟಿದ್ದ ಕರವಸ್ತ್ರ ನಕ್ಕಿತು: "ತಾನು ಕೂಗಿದ್ದಕ್ಕೇ ಬೆಳಗಾಯಿತು ಎಂದ ಕೋಳಿಯನ್ನು ಕಂಡಿದ್ದೆ. ಬುಟ್ಟಿಯೊಳಗೆ ನಿದ್ದೆ ಹೊಡೆದ ಕೋಳಿಯೂ ಹಾಗೆನ್ನುವುದನ್ನು ಇವತ್ತೇ ಕೇಳಿದ್ದು!"