ಮೂರು ತುಂಡಾದ ಹಗ್ಗ

ಒಂದಾನೊಂದು ಕಾಲದಲ್ಲಿ, ಆಗಿನ್ನೂ ನನ್ನಜ್ಜಿಯ ಅಜ್ಜಿ ಹುಟ್ಟಿರಲಿಲ್ಲ, ಒಂದು ಹೊಳೆ ದಡದಲ್ಲಿ ಸಣ್ಣೀರವ್ವ ಅಂತ ಅಂಬಿಗರ ಮುದುಕಿ ಇದ್ದಳಂತೆ. ಏ ಮಗಾ, ಕಾಲು ಒದೀಬೇಡ, ಹೊದಿಕೆ ಜಾರುತ್ತೆ. ಅವಳಿಗೆ ಬರ್ಮ, ಕೊಟ್ರ, ಯಂಕ ಅಂತ ಮೂವರು ಗಂಡುಮಕ್ಕಳು, ಹುಲಿಗೆವ್ವ ಅಂತ ಒಬ್ಬಳು ಮಗಳು. ಮಗಳನ್ನ ಆಚೆ ದಡಕ್ಕೆ ಕೊಟ್ಟಿದ್ದರಂತೆ. ಅಪ್ಪ ತೀರಿಕೊಂಡ ಮೇಲೆ ಅಣ್ಣತಮ್ಮಂದಿರು ಜಗಳ ಆಡಿ ಪಾಲಾದರಂತೆ. ಆಳಿಗೊಂದು ದೋಣಿ ಬಂತು, ಉಳಿದದ್ದು ಅಪ್ಪನ ಒಂದು ಉದ್ದ ಹಗ್ಗ. ಅದನ್ನ ಯಾರೂ ಬಿಟ್ಟುಕೊಡದೆ, ಕುಡುಗೋಲು ತಂದು ಮೂರು ತುಂಡು ಮಾಡಿಕೊಂಡರಂತೆ. ಯಾರ ಕೆಲಸಕ್ಕೂ ಬಾರದಷ್ಟು ಗಿಡ್ಡ. ಹಠಕ್ಕೆ ಬಿದ್ದೋರಿಗೆ ಬುದ್ಧಿ ಎಲ್ಲಿರುತ್ತೆ ಹೇಳು.

ಆಮೇಲೆ ಒಂದು ಮಳೆಗಾಲ ಆಚೆ ದಡದಿಂದ ಅಳಿಯ ಕೂಗಿದನಂತೆ, ಹುಲಿಗೆವ್ವನಿಗೆ ನೋವು ಶುರುವಾಗಿದೆ, ಮಗು ಅಡ್ಡ ತಿರುಗಿದೆ, ಅವ್ವ ಬೇಗ ಬರಲಿ ಅಂತ. ಸಣ್ಣೀರವ್ವ ಸೂಲಗಿತ್ತಿ. ಹೊಳೆ ಅಗಲ ಇರಲಿಲ್ಲ, ಸೆಳವು ಮಾತ್ರ ಜೋರು. ಬರ್ಮ ಅವ್ವನ್ನ ಕೂರಿಸಿಕೊಂಡು ಹೊರಟರೆ, ಸೆಳವು ದೋಣೀನ ತಿರುಗಿಸಿ ಇದೇ ದಡದ ಜೊಂಡಿಗೆ ತಂದು ಹಾಕಿತಂತೆ. ಆಮೇಲೆ ಕೊಟ್ರ ಹೋದ, ಅವನದೂ ಅದೇ ಪಾಡು. ಆಮೇಲೆ ಯಂಕ. ಅವನು ನೀರಿಗೆ ಹಾಕಿದ ಹುಟ್ಟೇ ಮುರೀತಂತೆ.

ಆಗ ಸಣ್ಣೀರವ್ವ ಅಂದಳಂತೆ, ಒಂಟಿ ದೋಣಿ ನಿಲ್ಲಲ್ಲ, ಮೂರನ್ನೂ ಸಾಲಾಗಿ ಕಟ್ಟಿ ಹಲಗೆ ಹಾಸಿ, ನಾನು ನಡೆದೇ ಹೋಗ್ತೀನಿ. ಬರ್ಮ ತಲೆ ಕೆರೆದುಕೊಂಡು, ಪಾಲಾದ ಮೇಲೆ ಹಗ್ಗ ಕೂಡಿಸೋ ಪದ್ಧತಿ ನಮ್ಮಲ್ಲಿ ಇಲ್ಲವಲ್ಲ ಅವ್ವ ಅಂದ. ಮುದುಕಿಗೆ ಸಿಟ್ಟು ಬಂತು. ಪದ್ಧತಿ ಉಳಿಸಿಕೊಂಡು ತಂಗೀನ ಮಣ್ಣು ಮಾಡ್ತೀರೇನ್ರೋ ಅಂದಳಂತೆ.

ಮೂವರೂ ತಲೆ ತಗ್ಗಿಸಿ ತಮ್ಮ ತಮ್ಮ ತುಂಡು ತಂದರು, ಗಂಟು ಹಾಕಿದರು. ದಡದ ಹುಣಸೆ ಮರಕ್ಕೆ ಬರ್ಮನ ದೋಣಿ, ಅದರಾಚೆ ಕೊಟ್ರನದು, ಅದರಾಚೆ ಯಂಕನದು. ಬಿಗೀಬೇಡಿ, ನೀರು ಏರಿದರೆ ದೋಣೀನೂ ಏರಬೇಕು, ಕರುವಿಗೆ ಬಿಟ್ಟಷ್ಟು ಸಡಿಲ ಬಿಡಿ ಅಂದಳು ಅವ್ವ. ಯಂಕ ತನ್ನ ದೋಣಿಯಿಂದ ಹಗ್ಗದ ತುದೀನ ಆಚೆ ದಡಕ್ಕೆ ಎಸೆದ, ಅಳಿಯ ಅದನ್ನ ಹಿಡಿದು ಬಂಡೆಗೆ ಸುತ್ತಿದ. ಹಲಗೆ ಕಾಲಡಿ ಏಳ್ತಿತ್ತಂತೆ, ಇಳೀತಿತ್ತಂತೆ. ಮೊದಲು ಬರ್ಮ ಕೈ ಹಿಡಿದ, ಆಮೇಲೆ ಕೊಟ್ರ, ಆಮೇಲೆ ಯಂಕ, ಹಾಗೇ ಮುದುಕಿ ದಾಟಿದಳು. ಸಂಜೆ ಹೊತ್ತಿಗೆ ಹೆಣ್ಣುಕೂಸು ಅಳೋದು ಈ ದಡಕ್ಕೂ ಕೇಳಿಸಿತಂತೆ.

ನೀರು ಇಳಿದ ಮೇಲೆ ಮೂವರೂ ದೋಣಿ ಬಿಚ್ಚೋಕೆ ಹೋದರು. ಗಂಟುಗಳು ನೀರು ಕುಡಿದು ಕಲ್ಲಾಗಿದ್ದವು, ಕೊಯ್ಯದೆ ಬೇರೆ ದಾರಿ ಇಲ್ಲ. ಅದೇ ಕುಡುಗೋಲು ಬಂತು. ಬರ್ಮ ಅದನ್ನ ಕೊಟ್ರನ ಕೈಗೆ ಕೊಟ್ಟ, ಕೊಟ್ರ ಯಂಕನ ಕೈಗೆ, ಯಂಕ ತಿರುಗಿ ಬರ್ಮನ ಕೈಗೆ. ಅಷ್ಟರಲ್ಲಿ ಹುಲಿಗೆವ್ವ ಕೂಸನ್ನ ಎತ್ತಿಕೊಂಡು, ಅದೇ ಹಲಗೆ ಮೇಲೆ ತವರಿಗೆ ನಡೆದು ಬರ್ತಿದ್ದಳಂತೆ. ಬರ್ಮ ಕುಡುಗೋಲನ್ನ ಹೊಳೆಗೆ ಬಿಸಾಕಿದ.

ಪಾಪ, ಆ ದೋಣಿಗಳು ಆಮೇಲೆ ಎಲ್ಲಿಗೂ ಹೋಗಲಿಲ್ಲವಂತೆ. ಇದ್ದಲ್ಲೇ ಇದ್ದು ಊರನ್ನೆಲ್ಲ ದಾಟಿಸಿದವಂತೆ. ನೆನೆಸಿಕೊಂಡರೆ ನನಗೆ ಒಂದೊಂದು ಸಲ ಸಂಕಟ ಆಗುತ್ತೆ, ಒಂದೊಂದು ಸಲ ಸಮಾಧಾನ.

ಆ ಕೂಸೇ ಕಣೋ ನನ್ನಜ್ಜಿಯ ಅಜ್ಜಿ. ಕತೆ ದಡ ಸೇರಿ ಮುಗೀತು, ಇನ್ನು ಕಣ್ಣು ಮುಚ್ಚು.